ಮನೆವಾರ್ತೆ: ಸೀಸೆಯು ನಡೆದು ಬಂದ ದಾರಿ

ಸೋಮವಾರಪೇಟೆಯ ಕಡೆಯ ಗೃಹಿಣಿಯೊಬ್ಬರು ಬರೆದ ಕಾಗದವು ಹೋದ ತಿಂಗಳು ನನ್ನ ಕೈ ಸೇರಿತು. ಅವರ ಮನೆಯಲ್ಲಿ ಎರಡು ಹಸುಗಳೂ ಒಂದು ಕಡಸೂ ಇರುವುವು. ಕಾಫಿಯ ತೋಟವನ್ನು ಕಾಯುವುದಕ್ಕೆ ನಾಯಿಗಳು ಬೇರೆ. “ಅಣ್ಣನವರೇ, ಅಕ್ಕಿಯನ್ನು ಅಂಗೈಯಲ್ಲಿ ಹರಡಿ ನೋಡಿ ಕೊಳ್ಳುತ್ತೇವೆ, ಬಟ್ಟೆಯನ್ನು ಬೆಳಕಿಗೆ ಹಿಡಿದು ಕೊಳ್ಳುತ್ತೇವೆ, ಚಿನ್ನವನ್ನು ಒರೆಗೆ ಹಚ್ಚಿಸಿ ಕೊಳ್ಳುತ್ತೇವೆ. ದನದ ಮದ್ದಿನ ಸೀಸೆಯನ್ನು ಮಾತ್ರ ಅಂಗಡಿಯವರು ಕೊಟ್ಟಂತೆ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತೇವೆ. ಅದು ಒಳ್ಳೆಯದೋ ಕೆಟ್ಟದೋ ತಿಳಿಯುವ ಬಗೆ ಯಾವುದು?” ಎಂದು ಅವರು ಕೇಳಿರುವರು.

ಒಂದೇ ಸಾಲಿನಲ್ಲಿ ಉತ್ತರ ಬರೆದು ಮುಗಿಸಬಹುದಾಗಿತ್ತು. ಸೀಸೆಯನ್ನು ನೋಡಿ ತಿಳಿಯಲಾಗದು, ತಂಗಿ. ಸತ್ತ್ವವುಳ್ಳ ಲಸಿಕೆಗೂ ಸತ್ತ್ವ ಕಳೆದುಕೊಂಡ ಲಸಿಕೆಗೂ ಸಾಮಾನ್ಯವಾಗಿ ಬಣ್ಣವೊಂದೇ, ಮೇಲೆ ಅಂಟಿಸಿದ ಚೀಟಿಯೊಂದೇ, ಬೆಲೆಯೂ ಒಂದೇ. ಅದರ ಗುಣವು ಅದು ನಡೆದು ಬಂದ ದಾರಿಯಲ್ಲಿ ಅಡಗಿರುವುದು: ಎಲ್ಲಿ ತಯಾರಾಯಿತು, ಯಾರ ಕೈಯಿಂದ ಯಾರ ಕೈಗೆ ಬಂದಿತು, ನಡುವೆ ಎಷ್ಟು ಹೊತ್ತು ಬಿಸಿಲಿನಲ್ಲಿ ಕುಳಿತಿತು ಎಂಬುದರಲ್ಲಿ. ಆ ದಾರಿಯ ಕೊನೆಯ ತುಂಡು ನಮ್ಮ ನಮ್ಮ ಮನೆಯ ಅಂಗಳಕ್ಕೆ ಸೇರಿದುದು. ಆ ತುಂಡಿನಲ್ಲಿ ನಾನು ಮಾಡಿದ ತಪ್ಪೊಂದನ್ನು ಮೊದಲು ಹೇಳಿಬಿಡುವೆನು. ಹೇಳದೆ ಬೇರೆಯವರಿಗೆ ಬುದ್ಧಿ ಹೇಳುವುದಕ್ಕೆ ನನಗೆ ಬಾಯಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಮಾರ್ಚಿ ತಿಂಗಳು, ಕಾಫಿಯ ಹೂಮಳೆ ಇನ್ನೂ ಬಿದ್ದಿರಲಿಲ್ಲ, ಕೊಡಗಿನಲ್ಲಿಯೂ ನೆತ್ತಿ ಸುಡುವ ಕಾಲ. ಮನೆಗೆ ಬಂದಿದ್ದ ನಾಯಿಮರಿಗೆ ಮೂರು ತಿಂಗಳು ತುಂಬಿದ್ದಿತು. ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಬೇಕೆಂದು ಪಶುವೈದ್ಯರು ಹೇಳಿದ್ದರು. ಮರಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಿದ್ದರೆ ಅಲ್ಲಿಗೆ ಕೆಲಸ ಮುಗಿಯುತ್ತಿದ್ದಿತು. ಹೇಗೂ ಪೇಟೆಯಲ್ಲಿ ಒಂದು ಮದುವೆ ಇದ್ದುದರಿಂದ ಎರಡು ಕೆಲಸವೂ ಒಟ್ಟಿಗೆ ಆಗಲೆಂದು ನಾನು ಅಲ್ಲಿಯ ಅಂಗಡಿಯೊಂದರಲ್ಲಿ ಸೀಸೆಯನ್ನು ಕೊಂಡೆನು. ಅಂಗಡಿಯವರು ಅದನ್ನು ಷರಬತ್ತಿನ ಸೀಸೆಗಳ ನಡುವಿನಿಂದ ತೆಗೆದುಕೊಟ್ಟರು. ಅಂದು ಬೆಳಗಿನಿಂದ ಪೇಟೆಯಲ್ಲಿ ಕರೆಂಟು ಇರಲಿಲ್ಲ. ಅದು ನನಗೆ ತಿಳಿದೇ ಇದ್ದಿತು, ಏಕೆಂದರೆ ಮದುವೆಯ ಮಂಟಪದಲ್ಲಿ ಬೀಸಣಿಗೆಗಳು ನಿಂತುಹೋಗಿ ಎಲ್ಲರೂ ಕರವಸ್ತ್ರದಿಂದ ಗಾಳಿ ಹಾಕಿಕೊಳ್ಳುತ್ತಿದ್ದೆವು. ರಶೀದಿಯನ್ನು ನಾನು ಕೇಳಲಿಲ್ಲ, ಅವರು ಕೊಡಲಿಲ್ಲ. ಸೀಸೆಯು ನನ್ನ ಜೇಬಿನಲ್ಲಿ ಮುಹೂರ್ತವನ್ನು ನೋಡಿತು, ಊಟಕ್ಕೆ ಕುಳಿತಿತು, ಮೂರು ಗಂಟೆಯ ಬಸ್ಸಿನಲ್ಲಿ ಊರಿಗೆ ಬಂದಿತು. ಸಂಜೆ ನೆರೆಯವರೊಬ್ಬರು ಮರಿಗೆ ಸೂಜಿ ಚುಚ್ಚಿಕೊಟ್ಟರು. ನಾನು ಲೆಕ್ಕದ ಪುಸ್ತಕದಲ್ಲಿ “ನಾಯಿಗೆ ಲಸಿಕೆ ಆಯಿತು” ಎಂದು ಬರೆದು ತಾರೀಕು ಹಾಕಿ ನೆಮ್ಮದಿಯಾಗಿದ್ದೆನು.

ಹನ್ನೊಂದು ತಿಂಗಳು ಕಳೆದ ಮೇಲೆ ಆ ನಾಯಿಯು ನಮ್ಮ ಲೈನು ಮನೆಯ ಏಳು ವರ್ಷದ ಹುಡುಗಿಯೊಬ್ಬಳ ಮೀನಖಂಡವನ್ನು ಕಚ್ಚಿತು. ಹುಡುಗಿಯ ತಾಯಿ ಓಡಿಬಂದು, “ಸಾವ್ಕಾರ್ರೇ, ನಾಯಿಗೆ ಸೂಜಿ ಆಗಿದೆಯಾ?” ಎಂದು ಕೇಳಿದಳು. ಆಗಿದೆಯೆನ್ನುವುದಕ್ಕೆ ಬಾಯಿ ತೆರೆದವನು ಅಲ್ಲಿಯೇ ನಿಂತೆನು. ಸೂಜಿಯೇನೋ ಆಗಿದ್ದಿತು. ಸೂಜಿಯೊಳಗೆ ಇದ್ದುದು ಲಸಿಕೆಯೋ ಬರಿಯ ನೀರೋ ಎಂಬುದನ್ನು ಹೇಳಬಲ್ಲವರು ಆ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದೆವು. ಒಡನೆಯೇ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಗಾಯದ ಸುತ್ತ ಒಂದು ಮದ್ದನ್ನೂ ತೋಳಿಗೆ ಇನ್ನೊಂದನ್ನೂ ಹಾಕಿದರು. ಮತ್ತೆ ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಬರಬೇಕೆಂದು ಚೀಟಿ ಬರೆದುಕೊಟ್ಟರು. ನಾಯಿಯನ್ನು ಕಟ್ಟಿಹಾಕಿ ಹತ್ತು ದಿನ ಕಾದೆವು. ಹುಚ್ಚು ತಗುಲಿದ ನಾಯಿಯ ಜೊಲ್ಲಿನಲ್ಲಿ ವಿಷವಿದ್ದರೆ ಅದು ಸಾಮಾನ್ಯವಾಗಿ ಆ ಅವಧಿಯೊಳಗೆ ಸಾಯುವುದೆಂಬುದೇ ಆ ಲೆಕ್ಕ. ಆ ಹತ್ತು ದಿನವೂ ಅದು ಅನ್ನವನ್ನು ಮುಟ್ಟಿತೇ, ನೀರನ್ನು ಕುಡಿಯಿತೇ ಎಂದು ಆ ತಾಯಿ ದಿನಕ್ಕೆ ಮೂರು ಸಲ ಬಂದು ನೋಡಿಹೋಗುತ್ತಿದ್ದಳು. ನನ್ನ ಮುಖವನ್ನು ಮಾತ್ರ ನೋಡುತ್ತಿರಲಿಲ್ಲ. ನಾಯಿ ಬದುಕಿತು. ಹುಡುಗಿಯೂ ಚೆನ್ನಾಗಿರುವಳು.

ಇದರಲ್ಲಿ ಅಂಗಡಿಯವರ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂದು ಮನಸ್ಸಿನಲ್ಲಿಯೇ ಅನೇಕ ಸಲ ಪಂಚಾಯಿತಿ ನಡೆಸಿದ್ದೇನೆ. ಹೇಗೆ ಹಂಚಿದರೂ ದೊಡ್ಡ ಪಾಲು ನನ್ನ ಜೇಬಿಗೇ ಬರುವುದು.

ಲಸಿಕೆ ಎಂಬುದು ಮೆಣಸು ಏಲಕ್ಕಿಗಳಂತೆ ಡಬ್ಬದಲ್ಲಿಟ್ಟರೆ ಇರುವ ಪದಾರ್ಥವಲ್ಲ. ನಾಯಿಗಳಿಗೆ ಹಾಕುವ ಹುಚ್ಚುನಾಯಿ ರೋಗದ ಲಸಿಕೆ, ದನಗಳ ಕಾಲುಬಾಯಿ ಜ್ವರದ ಲಸಿಕೆ ಇವೆರಡನ್ನೂ ತಯಾರಾದ ದಿನದಿಂದ ಚುಚ್ಚುವ ಗಳಿಗೆಯವರೆಗೆ ಸೆಂಟಿಗ್ರೇಡಿನ 2ರಿಂದ 8 ಡಿಗ್ರಿಗಳ ನಡುವೆ ಇಡತಕ್ಕದ್ದು. ಬಿಸಿಯಾದರೆ ಕೆಡುವುದೆಂದು ಎಲ್ಲರೂ ಬಲ್ಲರು. ಹೆಪ್ಪುಗಟ್ಟಿದರೂ ಕೆಡುವುದೆಂದು ಬಲ್ಲವರು ಕಡಮೆ. ಅತಿ ಜಾಗರೂಕತೆಯುಳ್ಳ ನನ್ನ ಬಂಧುಗಳೊಬ್ಬರು ಲಸಿಕೆಯನ್ನು ಫ್ರಿಜ್ಜಿನ ಮೇಲಣ ಗೂಡಿನಲ್ಲಿ, ಬರ್ಫದ ತಟ್ಟೆಗಳ ನಡುವೆ ಇಟ್ಟು, ಕಲ್ಲಾಗಿದ್ದುದನ್ನು ಬಿಸಿನೀರಿನಲ್ಲಿ ಕರಗಿಸಿ ಹಾಕಿಸಿದರು. ಜೇಬಿನಲ್ಲಿಟ್ಟ ನನಗೂ ಅವರಿಗೂ ಹೆಚ್ಚು ಭೇದವಿಲ್ಲ. ಇನ್ನು ಕೆಲವು ಲಸಿಕೆಗಳು ಒಣಪುಡಿಯಾಗಿ ಬರುವುವು. ಅವುಗಳಿಗೆ ಹೆಪ್ಪಿನ ಭಯವಿಲ್ಲ, ಆದರೆ ಜೊತೆಗೆ ಕೊಟ್ಟ ದ್ರವದಲ್ಲಿ ಕಲಸಿದ ಮೇಲೆ ಸ್ವಲ್ಪ ಹೊತ್ತಿನೊಳಗಾಗಿ ಹಾಕಿ ಮುಗಿಸಬೇಕು. ಉಳಿದುದನ್ನು ನಾಳೆಗೆಂದು ಇಡುವಂತಿಲ್ಲ. ಹೀಗೆ ಒಂದೊಂದಕ್ಕೆ ಒಂದೊಂದು ನಿಯಮ. ಅದನ್ನು ಚೀಟಿಯಲ್ಲಿಯೇ ಅಚ್ಚು ಹಾಕಿರುವರು. ಇರುವೆಯ ಕಣ್ಣಿಗೆ ಮಾತ್ರ ಕಾಣುವ ಅಕ್ಷರದಲ್ಲಿ ಎಂಬುದು ಬೇರೆಯ ಮಾತು.

ಹೈದರಾಬಾದಿನಲ್ಲಿಯೋ ಬೆಂಗಳೂರಿನಲ್ಲಿಯೋ ತಯಾರಾದ ಸೀಸೆಯು ಅಲ್ಲಿಯ ದಾಸ್ತಾನಿನಿಂದ ಹೊರಟು, ಮೈಸೂರನ್ನೋ ಹಾಸನವನ್ನೋ ಹಾದು, ಕುಶಾಲನಗರದ ಅಥವಾ ಗೋಣಿಕೊಪ್ಪಲಿನ ಅಂಗಡಿಗೆ ಬಂದು, ಅಲ್ಲಿಂದ ಕಾಡಿನಂಚಿನ ಮನೆಗೆ ಸೇರಬೇಕು. ದಾರಿಯಲ್ಲಿ ನಾಲ್ಕಾರು ಫ್ರಿಜ್ಜುಗಳು, ನಾಲ್ಕಾರು ವಾಹನಗಳು. ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಕರೆಂಟಿನ ಗತಿಯನ್ನು ನಾನು ವರ್ಣಿಸಬೇಕಾಗಿಲ್ಲ. ಕಕ್ಕಡದ ಗಾಳಿಗೆ ಒಂದು ಮರ ಬಿದ್ದರೆ ಮೂರು ದಿನ ದೀಪದೆಣ್ಣೆಯೇ ಗತಿ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯೇ ಕಡಿದುಹೋದಾಗ, ರೋಗಿಗಳೂ ಅಕ್ಕಿಯೂ ಮದ್ದೂ ಸುತ್ತುಬಳಸಿನ ದಾರಿಗಳಲ್ಲಿ ಹೋಗಬೇಕಾಯಿತು. ಆ ವರ್ಷದ ಅನುಭವವಾದ ಮೇಲೂ, ಮಳೆ ಹಿಡಿದ ಮೇಲೆ ಮದ್ದು ತರಿಸಿಕೊಳ್ಳೋಣ ಎಂದು ಕುಳಿತುಕೊಳ್ಳುವವರು ಇರುವರೆಂಬುದು ಆಶ್ಚರ್ಯ. ಜೂನ್ ತಿಂಗಳು ಹುಟ್ಟುವ ಮೊದಲೇ ದನ ನಾಯಿಗಳ ಲಸಿಕೆಗಳನ್ನು ಮುಗಿಸಿಕೊಳ್ಳುವ ಮನೆಗಳು ನಮ್ಮಲ್ಲಿವೆ. ಅವರು ಸೌದೆಯನ್ನು ಕೂಡಿಡುವಷ್ಟೇ ಸಹಜವಾಗಿ ಇದನ್ನೂ ಮಾಡುವರು.

ಹಿಂದಿನವರ ಪಾಡು ಇನ್ನೂ ಕಷ್ಟದ್ದು. ಹುಚ್ಚುನಾಯಿ ಕಡಿದವರಿಗೆಂದು ದಕ್ಷಿಣ ದೇಶದಲ್ಲಿ ಪಾಸ್ತರ್ ಸಂಸ್ಥೆಯು ತೆರೆದುದು ನೀಲಗಿರಿಯ ಕೂನೂರಿನಲ್ಲಿ, 1907ರಲ್ಲಿ. ಅದಕ್ಕೆ ಮೊದಲು ಉತ್ತರದ ಕಸೌಲಿಗೆ ಹೋಗಬೇಕಾಗಿದ್ದಿತು. ಅಂದು ಮದ್ದು ರೋಗಿಯ ಬಳಿಗೆ ಬರುತ್ತಿರಲಿಲ್ಲ, ರೋಗಿಯೇ ಮದ್ದಿನ ಬಳಿಗೆ ಹೋಗಬೇಕಾಗಿದ್ದಿತು. ಮುಂದೆ ಕುರಿಯ ಮಿದುಳಿನಲ್ಲಿ ರೋಗದ ವಿಷವನ್ನು ಬೆಳೆಸಿ, ಕಾರ್ಬಾಲಿಕ್ ಆಮ್ಲದಿಂದ ಅದನ್ನು ಕೊಂದು ಮಾಡುವ ಲಸಿಕೆಯು ಬಳಕೆಗೆ ಬಂದಿತು. ಅದನ್ನು ಊರೂರಿಗೆ ಕಳುಹಿಸಬಹುದಾಯಿತು. ಹೊಟ್ಟೆಗೆ ಹದಿನಾಲ್ಕು ಸೂಜಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಅದನ್ನೇ. ಪ್ರತಿಯೊಬ್ಬ ಮನುಷ್ಯನ ಹಿಂದೆ ಕುರಿಯ ಪ್ರಾಣವಿದ್ದಿತು. ಕೆಲವರಿಗೆ ಆ ಮಿದುಳಿನ ಅಂಶದಿಂದಲೇ ಪಾರ್ಶ್ವವಾಯುವಿನಂತಹ ಬಾಧೆ ತಗುಲುತ್ತಿದ್ದಿತು. ನಮ್ಮ ದೇಶದಲ್ಲಿ ಅದರ ತಯಾರಿಕೆ ನಿಂತುದು 2004ರ ಕೊನೆಗೆ. ಈಗ ಲಸಿಕೆಯು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳಿಂದ ಬರುವುದು. ಆದರೂ ಪ್ರಾಣಿಗಳ ಋಣ ತೀರಿಹೋಗಿಲ್ಲ: ನಮ್ಮ ಲೈನು ಮನೆಯ ಹುಡುಗಿಯ ಗಾಯದ ಸುತ್ತ ಹಾಕಿದ ಮದ್ದು ಕುದುರೆಯ ರಕ್ತದಿಂದ ತೆಗೆದುದೆಂದು ವೈದ್ಯರು ಹೇಳಿದರು. ಯಾವ ಲಾಯದ ಯಾವ ಕುದುರೆಯೋ, ಅದನ್ನು ಮೇಯಿಸಿದವರು ಯಾರೋ; ಆ ಕುದುರೆಗೆ ಹೊಟ್ಟೆ ತುಂಬ ಹುಲ್ಲೂ ರಕ್ತ ತೆಗೆದ ಮೇಲೆ ಬೇಕಾದಷ್ಟು ವಿಶ್ರಾಂತಿಯೂ ದೊರೆತಿರಲಿ ಎಂದು ಅಂದು ಮನಸ್ಸಿನಲ್ಲಿಯೇ ಅಂದುಕೊಂಡೆನು.

ದಾರಿಯು ಸರಿಯಾಗಿದ್ದರೆ ಏನಾಗಬಲ್ಲುದು ಎಂಬುದಕ್ಕೆ ದೊಡ್ಡರೋಗದ ಕಥೆಗಿಂತ ದೊಡ್ಡ ಸಾಕ್ಷಿ ಬೇಡ. ಇಂದಿನ ಮಕ್ಕಳಿಗೆ ಆ ಹೆಸರೇ ತಿಳಿಯದು. ಹಿಂದೆ ಒಂದು ಹಟ್ಟಿಗೆ ದೊಡ್ಡರೋಗ ಹೊಕ್ಕಿತೆಂದರೆ ಉಳುವ ಎತ್ತುಗಳೆಲ್ಲ ಮಲಗಿಬಿಡುತ್ತಿದ್ದವು. ಆ ವರ್ಷ ಗದ್ದೆ ಬೀಳು. ಇದರ ಸಲುವಾಗಿಯೇ 1889ರಲ್ಲಿ ಪುಣೆಯಲ್ಲಿ ಪ್ರಯೋಗಶಾಲೆಯೊಂದು ಹುಟ್ಟಿ, 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಮೈಸೂರು ಸಂಸ್ಥಾನದವರು 1920ರ ದಶಕದಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸೀರಂ ಸಂಸ್ಥೆಯನ್ನು ಕಟ್ಟಿದರು; ಹೆಬ್ಬಾಳದಲ್ಲಿ ಅದರ ಮುಂದಿನ ರೂಪವು ಇಂದಿಗೂ ಪಶುಗಳ ಲಸಿಕೆಗಳನ್ನು ತಯಾರಿಸುತ್ತಿರುವುದು. ಮೊದಲು ರೋಗ ಗೆದ್ದ ದನಗಳ ರಕ್ತದ ಸೀರಂ, ಆಮೇಲೆ ಮುಕ್ತೇಶ್ವರದಲ್ಲಿ ಎಡ್ವರ್ಡ್ಸರು ಆಡಿನಲ್ಲಿ ಪಳಗಿಸಿದ ಲಸಿಕೆ, ಅದಾದ ಮೇಲೆ ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ. 1954ರಿಂದ ದೇಶಕ್ಕೆಲ್ಲ ಒಂದೇ ಯೋಜನೆಯಾಗಿ ಇದು ನಡೆಯಿತು. ಕೊಡಗು ಆಗ ಇನ್ನೂ ಬೇರೆಯೇ ರಾಜ್ಯ. ಮೈಸೂರಿಗೆ ಸೇರಿದುದು 1956ರಲ್ಲಿ. ನಮ್ಮ ದೇಶದಲ್ಲಿ ಕಡೆಯ ಸಲ ಆ ರೋಗ ಕಂಡುದು 1995ರಲ್ಲಿ, ತಮಿಳುನಾಡಿನಲ್ಲಿ. ಲೋಕದಿಂದಲೇ ಅದು ತೊಲಗಿತೆಂದು 2011ರಲ್ಲಿ ಸಾರಿದರು. ಮನುಷ್ಯರ ಸಿಡುಬನ್ನು ಬಿಟ್ಟರೆ ಹೀಗೆ ಬೇರುಸಹಿತ ಹೋದ ರೋಗವು ಇದೊಂದೇ. ಕೊನೆಯ ಗೆಲುವಿಗೆ ಆಫ್ರಿಕದಲ್ಲಿ ನೆರವಾದುದು, ಬಿಸಿಲನ್ನು ಕೆಲವು ವಾರ ತಾಳಿಕೊಳ್ಳಬಲ್ಲ ಹೊಸ ಬಗೆಯ ಲಸಿಕೆ. ಫ್ರಿಜ್ಜಿಲ್ಲದ ಮರಳುಗಾಡಿನಲ್ಲಿ ದನಗಾಹಿಗಳೇ ಅದನ್ನು ಹೊತ್ತುಕೊಂಡು ನಡೆದು ಹೋಗಿ ಹಾಕಿದರು.

ಹುಚ್ಚುನಾಯಿ ರೋಗದ ವಿಷಯದಲ್ಲಿಯೂ ಅಂತಹ ಆಸೆ ಇಲ್ಲದಿಲ್ಲ. ಆಫ್ರಿಕದ ಟಾಂಜಾನಿಯದಲ್ಲಿ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದ ಪ್ರಕಾರ, ಒಂದು ಜಾತಿಯ ಲಸಿಕೆಯು 25 ಡಿಗ್ರಿಯಲ್ಲಿ ಆರು ತಿಂಗಳು, 30 ಡಿಗ್ರಿಯಲ್ಲಿ ಮೂರು ತಿಂಗಳು ಇದ್ದರೂ ನಾಯಿಗಳಲ್ಲಿ ತನ್ನ ಕೆಲಸವನ್ನು ಮಾಡಿತು. ಇದನ್ನು ಓದಿ ನನ್ನ ಜೇಬಿನ ಸೀಸೆಗೆ ಕ್ಷಮೆ ದೊರೆಯಿತೆಂದು ಒಂದು ಕ್ಷಣ ಹಿಗ್ಗಿದೆನು. ಆದರೆ ಅದು ಒಂದು ತಯಾರಿಕೆಯ ಮಾತು. ಲೆಕ್ಕವಿಟ್ಟು ಅಳೆದ ಬಿಸಿಯ ಮಾತು. ನಾನು ತಂದುದು ಯಾವುದು, ನನ್ನ ಜೇಬು ಎಷ್ಟು ಡಿಗ್ರಿ, ಅಂಗಡಿಗೆ ಬರುವ ಮೊದಲು ಅದು ಎಲ್ಲೆಲ್ಲಿ ಬೆಂದಿದ್ದಿತು ಎಂಬುದಕ್ಕೆ ಲೆಕ್ಕವೆಲ್ಲಿ?

ಇಲ್ಲಿಯವರೆಗೆ ಕೆಟ್ಟುಹೋದ ಮದ್ದಿನ ಮಾತಾಯಿತು. ಕೆಡದೆ ಚೆನ್ನಾಗಿಯೇ ಇರುವ ಮದ್ದೂ ಕೆಡಕು ಮಾಡುವುದುಂಟು. ಹಿಂದೆ ದನಕ್ಕೆ ನೋವು, ಊತ, ಜ್ವರ ಏನೇ ಬಂದರೂ ಡೈಕ್ಲೊಫಿನ್ಯಾಕ್ ಎಂಬ ಮದ್ದನ್ನು ಚುಚ್ಚುತ್ತಿದ್ದರು. ಅಗ್ಗದ್ದು, ಗುಣವೂ ಬೇಗ. ಆ ದನ ಒಂದೆರಡು ದಿನದಲ್ಲಿ ಸತ್ತು ಅದರ ಹೆಣವನ್ನು ರಣಹದ್ದು ತಿಂದರೆ, ಹದ್ದಿನ ಮೂತ್ರಪಿಂಡಗಳು ಕೆಟ್ಟು ಅದೂ ಸಾಯುವುದೆಂಬುದು 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ ಹೊರಬಿದ್ದಿತು. ಅಷ್ಟರೊಳಗೆ ನಮ್ಮ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೆ ಸಮೀಪವಾಗಿ ಮುಗಿದುಹೋಗಿದ್ದವು. ನನ್ನನ್ನು ನಿದ್ದೆಗೆಡಿಸಿದ ಅಂಕಿ ಇದಲ್ಲ, ಇನ್ನೊಂದು: ಹೆಣಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಮೆ ಪಾಲಿನಲ್ಲಿ ಈ ಮದ್ದು ಇದ್ದರೂ ಅಷ್ಟು ನಾಶಕ್ಕೆ ಸಾಕೆಂದು ಬಲ್ಲವರು ಲೆಕ್ಕ ಹಾಕಿದ್ದರು. ನೂರು ಮನೆಗಳಲ್ಲಿ ತೊಂಬತ್ತೊಂಬತ್ತು ಮನೆಯವರು ಸರಿಯಾಗಿದ್ದು, ನೂರನೆಯವನು “ನನ್ನೊಬ್ಬನಿಂದ ಏನಾದೀತು?” ಎಂದರೆ ಸಾಕಾಗಿದ್ದಿತು.

ಪಶುಗಳಿಗಾಗಿ ಆ ಮದ್ದನ್ನು ತಯಾರಿಸುವುದನ್ನು 2006ರಲ್ಲಿ ನಿಷೇಧಿಸಿದರು. ವ್ಯಾಪಾರ ನಿಂತಿತೇ? ಮನುಷ್ಯರಿಗೆಂದು ಮಾಡಿದ ದೊಡ್ಡ ಸೀಸೆಗಳು ಹಿಂದಿನ ಬಾಗಿಲಿನಿಂದ ಕೊಟ್ಟಿಗೆಗೆ ಬಂದುವು. ಮನುಷ್ಯನಿಗೆ ಮೂರು ಮಿಲಿಲೀಟರು ಸಾಲುವಾಗ ಮೂವತ್ತರ ಸೀಸೆ ಯಾರಿಗಾಗಿ? ಹೀಗೆ ಕೇಳಿ, 2015ರಲ್ಲಿ ಮೂರು ಮಿಲಿಲೀಟರಿನ ಒಂದೇ ಸೂಜಿಯ ಪ್ರಮಾಣಕ್ಕಿಂತ ದೊಡ್ಡ ಸೀಸೆಯನ್ನೇ ನಿಲ್ಲಿಸಿದರು. ಅದೇ ಬಗೆಯ ಕೆಡಕುಳ್ಳ ಕೀಟೊಪ್ರೊಫೆನ್, ಅಸಿಕ್ಲೊಫಿನ್ಯಾಕ್ ಎಂಬ ಎರಡನ್ನು ಪಶುಗಳಿಗೆ ಕೊಡದಂತೆ 2023ರಲ್ಲಿ ತಡೆದರು. ಮೆಲಾಕ್ಸಿಕಾಮ್ ಎಂಬುದು ದನಕ್ಕೂ ಹಿತ, ಹದ್ದಿಗೂ ಅಪಾಯವಿಲ್ಲದ್ದೆಂದು ಪರೀಕ್ಷೆಯಿಂದ ತಿಳಿದಿರುವುದು. ವೈದ್ಯರನ್ನು ಅದರ ಹೆಸರು ಹಿಡಿದೇ ಕೇಳಬಹುದು. ನಾಗರಹೊಳೆ, ಬಂಡೀಪುರ, ವಯನಾಡಿನ ಕಾಡುಗಳ ಮೇಲೆ ಇಂದಿಗೂ ಹಾರುವ ಕೆಲವೇ ರಣಹದ್ದುಗಳಿಗೆ ಜಿಲ್ಲೆಯ ಗಡಿ ತಿಳಿಯದು. ಕಾಡಿನಂಚಿನಲ್ಲಿ ಹುಲಿ ಹಿಡಿದ ಹಸುವಿನ ಮೈಯಲ್ಲಿ ಹಿಂದಿನ ದಿನ ನಾವು ಹಾಕಿಸಿದ ಸೂಜಿಯು ಇರುವುದು.

ಹಾಗಾದರೆ ಕೆಟ್ಟ ಮದ್ದನ್ನೆಲ್ಲ ಸರಕಾರವೇ ಬಿಗಿಯಾಗಿ ಹಿಡಿದುಬಿಡಲಿ ಎನ್ನುವವರುಂಟು. ಅದೂ ನೇರವಾದ ದಾರಿಯಲ್ಲ. ಆಕ್ಸಿಟೋಸಿನ್ ಎಂಬ ಮದ್ದನ್ನು ನೋಡಿರಿ. ಹಸುವಿನಿಂದ ಹಾಲು ಬೇಗ ಇಳಿಯಲೆಂದು ಹೊತ್ತು ಹೊತ್ತಿಗೆ ಅದನ್ನು ಚುಚ್ಚುವ ಕೆಟ್ಟ ಚಾಳಿಯು ಅನೇಕ ಕಡೆ ಹಬ್ಬಿದ್ದಿತು. ಗುಟ್ಟಿನಲ್ಲಿ ತಯಾರಿಸಿ ಹೆಸರಿಲ್ಲದ ಸೀಸೆಗಳಲ್ಲಿ ಮಾರುತ್ತಿದ್ದರು. ಇದನ್ನು ತಡೆಯಲೆಂದು 2018ರ ಏಪ್ರಿಲಿನಲ್ಲಿ ಕೇಂದ್ರ ಸರಕಾರವು ಖಾಸಗಿಯವರ ತಯಾರಿಕೆಯನ್ನು ನಿಷೇಧಿಸಿ, ದೇಶದ ಬಳಕೆಗೆ ಬೇಕಾದುದನ್ನೆಲ್ಲ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಎಂಬ ಸರಕಾರೀ ಕಾರ್ಖಾನೆಯೊಂದೇ ತಯಾರಿಸಬೇಕೆಂದು ವಿಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ಆ ಮದ್ದು ಹೆರಿಗೆಯಾದ ತಾಯಂದಿರ ರಕ್ತಸ್ರಾವವನ್ನು ನಿಲ್ಲಿಸಿ ಪ್ರಾಣ ಉಳಿಸುವ ಮದ್ದು ಕೂಡ. ಇಡೀ ದೇಶಕ್ಕೆ ಒಂದೇ ಬಾವಿ. ಅದರ ಹಗ್ಗ ಕಡಿದರೆ? ವೈದ್ಯರೂ ತಯಾರಕರೂ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು. ವ್ಯಾಜ್ಯವು ಆಮೇಲೆ ಮೇಲಿನ ನ್ಯಾಯಾಲಯಕ್ಕೂ ಏರಿತು. ಹಸುವಿಗೆ ನ್ಯಾಯ ಸಿಗಲೆಂದು ಹೊರಟು ಬಾಣಂತಿಯನ್ನು ಮರೆಯಬಾರದೆಂಬುದು ನ್ಯಾಯಾಲಯದ ಮಾತಿನ ಹುರುಳೆಂದು ನಾನು ತಿಳಿದುಕೊಂಡೆನು. ಆದರೂ ನನ್ನ ಮನಸ್ಸು ಇದರಲ್ಲಿ ಪೂರ್ತಿ ಒಂದು ಕಡೆಗೆ ವಾಲಲಿಲ್ಲ. ಹೆಸರಿಲ್ಲದ ಸೀಸೆಯನ್ನು ಮಾರುವವನು ಕೊಳ್ಳುವವನಿಲ್ಲದೆ ಬದುಕಲಾರನು. ಕೊಳ್ಳುವವನು ಯಾವ ಕಾಯಿದೆಯ ಕಣ್ಣಿಗೂ ಬೀಳದ ತನ್ನ ಕೊಟ್ಟಿಗೆಯಲ್ಲಿ, ಬೆಳಗಿನ ನಾಲ್ಕು ಗಂಟೆಯ ಕತ್ತಲೆಯಲ್ಲಿ ಇರುವನು.

ಕೊಟ್ಟಿಗೆಯಿಂದ ಹೊರಕ್ಕೆ ಹೋಗುವ ದಾರಿಯೊಂದಿರುವುದನ್ನೂ ಹೇಳಬೇಕು. ಕೆಚ್ಚಲು ಬಾವಿಗೆ ಜೀವಿರೋಧಕ ಮದ್ದನ್ನು ಕೊಡಿಸಿದರೆ, ಇಂತಿಷ್ಟು ದಿನದ ಹಾಲನ್ನು ಮನುಷ್ಯರು ಕುಡಿಯಬಾರದೆಂದು ಚೀಟಿಯಲ್ಲಿಯೇ ಬರೆದಿರುವುದು. ಆ ದಿನಗಳ ಹಾಲನ್ನು ಮನೆಯ ಮಕ್ಕಳಿಗೆ ಕೊಡದೆ, ಆದರೆ ಸಂಘದ ಕ್ಯಾನಿಗೆ ಮಾತ್ರ ಸುರಿಯುವ ಮನೆಗಳನ್ನು ನಾನು ಬಲ್ಲೆನು. ಸಂಘದ ಹಾಲು ಕೂಡಿಗೆಯ ಡೈರಿಗೆ ಹೋಗಿ ನೂರು ಮನೆಯ ಹಾಲಿನೊಡನೆ ಬೆರೆಯುವುದು. ಅಲ್ಲಿ ಯಾರ ಹಸುವಿನದೆಂದು ಕೇಳುವವರಿಲ್ಲ. ಇದಕ್ಕೆ ಹೆಚ್ಚು ಬರೆಯಬೇಕಾಗಿಲ್ಲ. ಓದುವವರಿಗೆ ಯಾರ ನೆನಪು ಬರಬೇಕೋ ಅವರ ನೆನಪು ಬಂದಿರುವುದು.

ಇನ್ನು ಸೋಮವಾರಪೇಟೆಯ ತಂಗಿಯವರು ಕೇಳಿದುದಕ್ಕೆ ಬರುವೆನು. ಕಾಲುಬಾಯಿ ಜ್ವರದ ಲಸಿಕೆಯನ್ನು ನೀವು ಕೊಳ್ಳಬೇಕಾಗಿಯೇ ಇಲ್ಲ. 2019ರಿಂದ ಕೇಂದ್ರದ ಯೋಜನೆಯಲ್ಲಿ ಪಶುಪಾಲನಾ ಇಲಾಖೆಯವರು ಊರೂರಿಗೆ ಬಂದು ಅದನ್ನು ಉಚಿತವಾಗಿ ಹಾಕುವರು; ದನದ ಕಿವಿಗೆ ಹನ್ನೆರಡು ಅಂಕಿಯ ಓಲೆಯನ್ನೂ ತೊಡಿಸುವರು. ನಾಲ್ಕರಿಂದ ಎಂಟು ತಿಂಗಳಿನ ಹೆಣ್ಣುಕರುಗಳಿಗೆ ಕಂದು ಹಾಕುವ ರೋಗದ ಲಸಿಕೆಯೂ ಅದೇ ಯೋಜನೆಯದು. 2013ರಲ್ಲಿ ನಮ್ಮ ರಾಜ್ಯದಲ್ಲಿ ಕಾಲುಬಾಯಿ ಜ್ವರವು ಸಾವಿರಾರು ದನಗಳನ್ನು ಕೊಂಡೊಯ್ದುದನ್ನು ನೋಡಿದವರು, “ಸೂಜಿ ಹಾಕಿಸಿದರೆ ಎರಡು ದಿನ ಹಾಲು ಕಡಮೆಯಾಗುವುದು” ಎಂದು ಬಾಗಿಲು ಹಾಕಿಕೊಳ್ಳಲಾರರು. ಬಂದವರ ಬಳಿಯ ಪೆಟ್ಟಿಗೆಯಲ್ಲಿ ತಂಪಿರುವುದೇ ಎಂದು ನೋಡಲು ಕೇಳುವುದಕ್ಕೆ ಸಂಕೋಚ ಬೇಡ. ಒಳ್ಳೆಯ ಕೆಲಸಗಾರರು ಮುಚ್ಚಳ ತೆರೆದು ತಾವೇ ತೋರಿಸುವರು. ನಮ್ಮೂರಿಗೆ ಬರುವವರು ತೋರಿಸಿದರು, ನೋಡಿ ಸಂತೋಷವಾಯಿತು.

ಕೊಳ್ಳಲೇಬೇಕಾದ ಮದ್ದಿಗೆ ವೈದ್ಯರ ಚೀಟಿ ಇಲ್ಲದೆ ಹೋಗಬೇಡಿರಿ. ರಶೀದಿಯನ್ನು ಬರೆಯಿಸಿಕೊಳ್ಳಿರಿ, ಅದರಲ್ಲಿ ತಯಾರಿಕೆಯ ಬ್ಯಾಚಿನ ಅಂಕಿಯೂ ಅವಧಿ ಮುಗಿಯುವ ತಿಂಗಳೂ ಇರಲಿ. ಆ ಅಂಕಿಯಿಂದ ಸೀಸೆಯು ಹುಟ್ಟಿದ ಮನೆಯವರೆಗೆ ಹಿಂದಕ್ಕೆ ನಡೆದು ಹೋಗಬಹುದು. ಅದಿಲ್ಲದಿದ್ದರೆ ತಕರಾರು ಬಂದ ದಿನ ಅಂಗಡಿಯವರು ನನ್ನದಲ್ಲ ಎಂದರೆ ಮಾತು ಮುಗಿಯಿತು. ಪಶುಗಳ ಮದ್ದಿನ ಮೇಲೆ ‘ಪಶು ಚಿಕಿತ್ಸೆಗೆ ಮಾತ್ರ’ ಎಂಬ ಒಕ್ಕಣೆ ಇರುವುದೇ ಎಂದು ನೋಡಿರಿ. ಲಸಿಕೆಯಾದರೆ ಅಂಗಡಿಯವರ ಫ್ರಿಜ್ಜಿನಲ್ಲಿ ತಾಪವನ್ನು ತೋರಿಸುವ ಕಡ್ಡಿ ಇದೆಯೇ, ಕರೆಂಟು ಹೋದಾಗ ಏನು ಮಾಡುವರು ಎಂದು ನಯವಾಗಿ ಕೇಳಿರಿ. ಮೊದಲ ಸಲ ಅವರಿಗೆ ಬೇಸರವಾದೀತು. ನಾನು ಕೇಳಿದಾಗ ನಮ್ಮ ಪೇಟೆಯ ಒಬ್ಬರು, “ನೀವೇನು ಇನ್‌ಸ್ಪೆಕ್ಟರೋ?” ಎಂದರು. ನಾನು ಲೈನು ಮನೆಯ ಹುಡುಗಿಯ ಸಂಗತಿಯನ್ನು ಹೇಳಿದೆನು. ಅವರೇನೂ ಉತ್ತರ ಕೊಡಲಿಲ್ಲ. ಮುಂದಿನ ಸಲ ಹೋದಾಗ ಷರಬತ್ತಿನ ಸೀಸೆಗಳು ಬೇರೆ ಪೆಟ್ಟಿಗೆಗೆ ಹೋಗಿದ್ದವು. ಅವರಿಗೂ ಶಾಲೆಗೆ ಹೋಗುವ ಮಗಳಿರುವಳೆಂದು ಆಮೇಲೆ ತಿಳಿಯಿತು.

ತರುವ ಬಗೆ ಹೀಗೆ: ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕು, ಅರ್ಧಕ್ಕೆ ಬರ್ಫದ ತುಂಡುಗಳು, ಅದರ ಮೇಲೆ ನಾಲ್ಕು ಮಡಿಕೆಯ ಬಟ್ಟೆ, ಅದರ ಮೇಲೆ ಕಾಗದದಲ್ಲಿ ಸುತ್ತಿದ ಸೀಸೆ. ಬರ್ಫ ಸೀಸೆಗೆ ತಗುಲಬಾರದು. ದಾರಿಯಲ್ಲಿ ಮದುವೆಗೆ ಹೋಗಬಾರದು. ನಾಯಿಯನ್ನೇ ಆಸ್ಪತ್ರೆಗೆ ಕರೆದೊಯ್ಯುವುದಾದರೆ ಇಷ್ಟು ಉಪದ್ರವವೂ ಇಲ್ಲ. ಸೀಸೆಯು ಅವರ ಫ್ರಿಜ್ಜಿನಿಂದ ನೇರವಾಗಿ ಸೂಜಿಗೆ ಬರುವುದು.

ನಮ್ಮ ಆ ನಾಯಿಗೆ ಈಗ ವಯಸ್ಸಾಗಿದೆ. ಯಾರನ್ನೂ ಕಚ್ಚುವ ಉತ್ಸಾಹ ಉಳಿದಿಲ್ಲ. ಆದರೂ ವರ್ಷದ ಸೂಜಿಯ ದಿನ ಬಂದಿದೆ. ಶನಿವಾರ ಬೆಳಗ್ಗೆ ಜೀಪಿನಲ್ಲಿ ಅದನ್ನು ಪಶು ಆಸ್ಪತ್ರೆಗೆ ಕರೆದೊಯ್ಯಬೇಕೆಂದಿರುವೆನು. ಲೈನು ಮನೆಯ ಹುಡುಗಿಯೂ ತನ್ನ ಮನೆಯ ಮರಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬರುತ್ತೇನೆಂದಿದ್ದಾಳೆ.